ಅಮರಗುಂಡಪ್ಪನನ್ನು ಫೋಟೊದಲ್ಲಿ ನಿಲ್ಲಿಸಿದ್ದು

ನನಗೊಂದು ದುರಭ್ಯಾಸವಿದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನಗೆ ಬರೆಯಲು ಬರುತ್ತದೆ. ಕಥೆ, ಕವಿತೆ ಇರಬಹುದೆಂದು ಗಾಬರಿಯಾಗಬೇಡಿ, ಅಷ್ಟು ಅಪಾಯಕಾರಿ ಮನುಷ್ಯ ನಾನಲ್ಲ. ರಾಯಚೂರಿನ ಒಂದು ಸರಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಕರಡು ಪತ್ರ ಬರೆದು ನಿವೃತ್ತನಾದವನು. ‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ನಾನು ಶುರು ಮಾಡಿದರೆ ವಿಷಯ ಯಾವುದೆಂಬುದು ಮೂರನೇ ಪುಟ ಬಂದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಎಷ್ಟೋ ಸಾಹೇಬರು ಬಂದರು, ಹೋದರು. ಎಲ್ಲರೂ ನನ್ನ ಕರಡನ್ನು ಓದದೆಯೇ ಸಹಿ ಮಾಡಿದರು. ಅದನ್ನು ನಾನು ನನ್ನ ಭಾಷೆಗೆ ಸಂದ ಗೌರವವೆಂದೇ ತಿಳಿದಿದ್ದೆ. ನಿವೃತ್ತಿಯ ನಂತರ ಬರೆಯಲು ಏನೂ ಸಿಗದೆ, ಹಾಲಿನವನಿಗೆ ‘ನಾಳೆಯಿಂದ ಜಾರಿಗೆ ಬರುವಂತೆ ಅರ್ಧ ಲೀಟರ್ ಹೆಚ್ಚುವರಿಯಾಗಿ ಪೂರೈಸತಕ್ಕದ್ದು’ ಎಂದು ಚೀಟಿ ಬರೆದು ಬಾಗಿಲಿಗೆ ಸಿಕ್ಕಿಸಿದೆ. ಆತ ಅದನ್ನು ಯಾವುದೋ ನೋಟಿಸೆಂದು ತಿಳಿದು ಹೆದರಿ ಎರಡು ದಿನ ನಮ್ಮ ಓಣಿಗೇ ಬರಲಿಲ್ಲ.

ಇಂಥ ಪ್ರತಿಭೆಗೆ ಮತ್ತೆ ಕೆಲಸ ಸಿಕ್ಕಿದ್ದು ಮಗಳು ಪಲ್ಲವಿಯ ನಿಶ್ಚಿತಾರ್ಥದ ಕೃಪೆಯಿಂದ. ಬೀಗರು ದೇವದುರ್ಗದವರು. ಕಾರ್ಯವೂ ಅಲ್ಲೇ, ಅವರ ಮನೆಯ ಮುಂದೆ ಶಾಮಿಯಾನ ಹಾಕಿ ನಡೆಯಿತು. ಉಂಗುರ ಬದಲಾದ ಮೇಲೆ ಫೋಟೊಗ್ರಾಫರ್ “ಎಲ್ಲಾರೂ ಬರ್ರಿ, ಎಲ್ಲಾರೂ ಬರ್ರಿ” ಎಂದು ಕೂಗಿದ. ಎಲ್ಲರೂ ಬಂದರು. ನನ್ನ ಹೆಂಡತಿ ಮಹಾದೇವಿಯ ಖಾಸಾ ತಮ್ಮ, ಮಾನ್ವಿಯಲ್ಲಿ ಅಕ್ಕಿ ಗಿರಣಿ ನಡೆಸುವ ಅಮರಗುಂಡಪ್ಪನೊಬ್ಬ ಬರಲಿಲ್ಲ. ಹೇಗೆ ಬಂದಾನು? ಹೋಳಿಗೆಗೆ ತುಪ್ಪ ಕಡಿಮೆ ಬೀಳುತ್ತದೆ, ನಿನ್ನಷ್ಟು ಜವಾಬ್ದಾರಿಯ ಮನುಷ್ಯ ಇಲ್ಲಿ ಇನ್ನೊಬ್ಬನಿಲ್ಲ ಎಂದು ಹೊಗಳಿ ಆತನನ್ನು ಪೇಟೆಗೆ ಅಟ್ಟಿದವನು ನಾನೇ. ಆತ ಬಿಸಿಲಲ್ಲಿ ತುಪ್ಪದ ಡಬ್ಬಿ ಹಿಡಿದು ಬರುವಷ್ಟರಲ್ಲಿ ಫೋಟೊಗ್ರಾಫರ್ ಕ್ಯಾಮೆರಾ ಚೀಲಕ್ಕೆ ಹಾಕಿ ಪಂಕ್ತಿಯಲ್ಲಿ ಕೂತಿದ್ದ. ಆ ತುಪ್ಪವನ್ನು ಎರಡು ಸಲ ಹಾಕಿಸಿಕೊಂಡ ಕೂಡ.

ವಾರದ ನಂತರ ಫೋಟೊ ಎಲ್ಲರ ಮೊಬೈಲಿಗೂ ಬಂತು. ಅರ್ಧ ಗಂಟೆಯಲ್ಲಿ ಮಾನ್ವಿಯಿಂದ ಫೋನು.

“ಮಾಮಾರ, ಫೋಟೊ ನೋಡಿದೆ. ಭಾಳ ಚಂದ ಬಂದದ. ಬೀಗರ ಕಾರಿನ ಡ್ರೈವರ್ ಅದಾನ. ಶಾಮಿಯಾನದಾಂವ ಅದಾನ. ಮೂಲ್ಯಾಗ ಒಂದು ನಾಯಿನೂ ಅದ. ಹುಡುಗಿ ಸೋದರಮಾವ ಎಲ್ಲದಾನ, ಒಂದೀಟು ತೋರಸ್ರಿ.”

“ಅಮರಗುಂಡಪ್ಪ, ಅದು ಏನಾತಂದ್ರ…”

“ಏನೂ ಆಗಿಲ್ಲ ಬಿಡ್ರಿ. ಮದಿವ್ಯಾಗ ಹುಡುಗಿ ಕೈ ಹಿಡದು ಮಂಟಪಕ್ಕ ಕರಕೊಂಡು ಬರಾಕ ಆ ಡ್ರೈವರಗೇ ಹೇಳ್ರಿ. ಗಾಡಿ ಛಲೋ ಹೊಡೀತಾನಂತ.”

ಸೋದರಮಾವ ಕೈ ಹಿಡಿದು ಕರೆತರದೆ ನಮ್ಮಲ್ಲಿ ಮದುಮಗಳು ಮಂಟಪ ಹತ್ತುವುದಿಲ್ಲ. ಮದುವೆಗೆ ಒಂದೇ ತಿಂಗಳಿತ್ತು. ಮಹಾದೇವಿ ಅಂದೇ ತೀರ್ಪು ಕೊಟ್ಟಳು: “ನನ್ನ ತಮ್ಮ ಬರಲಿಲ್ಲಂದ್ರ ನಾನೂ ಮಂಟಪದಾಗ ಕಾಲಿಡಂಗಿಲ್ಲ. ತುಪ್ಪಕ್ಕ ಕಳಿಸಿದವರು ನೀವು, ನೀವ ಕರಕೊಂಡು ಬರ್ರಿ.” ಮರುದಿನವೇ ಮಾನ್ವಿಗೆ ಹೋದೆ. ಕರಡು ಬರೆದು ಪಳಗಿದ ನಾಲಿಗೆಯಿಂದ, ಫೋಟೊಗ್ರಾಫರನ ಅವಸರ, ಪೇಟೆಯ ದೂರ, ಬೆಳಕಿನ ಅಭಾವ ಎಲ್ಲವನ್ನೂ ವಿವರಿಸಿದೆ. ಅಮರಗುಂಡಪ್ಪ ಚಹಾ ಕೊಟ್ಟ, ಫ್ಯಾನು ನನ್ನ ಕಡೆ ತಿರುಗಿಸಿದ, “ಹೌದ್ರಿ, ಖರೇ ಅದರಿ, ತಾವು ಹೇಳಿದ ಮ್ಯಾಲ ಮುಗೀತ್ರಿ” ಎಂದ. ಸಿಟ್ಟಾದವನು ಬಯ್ದರೆ ಅರ್ಧ ಕೆಲಸ ಆದಂತೆ. ‘ತಾವು’ ಎನ್ನತೊಡಗಿದನೆಂದರೆ ಎದ್ದು ಬಸ್ಸು ಹಿಡಿಯಬೇಕು, ಹಿಡಿದೆ.

ಆಗ ಪಲ್ಲವಿ ದಾರಿ ತೋರಿಸಿದಳು. “ಅಪ್ಪಾ, ಇದಕ್ಕ ಯಾಕ ಇಷ್ಟು ತಲಿ ಕೆಡಿಸ್ಕೊಂತಿ? ಈಗ ಎಐಗೆ ಹೇಳಿದ್ರ ಫೋಟೊದಾಗ ಇಲ್ಲದವರನ್ನೂ ಸೇರಸ್ತದ. ನಮಗ ಏನು ಬೇಕಂತ ಬರದು ಕೊಡಬೇಕು, ಅದಕ್ಕ ಪ್ರಾಂಪ್ಟ್ ಅಂತಾರ. ಬರದದ್ದು ಛಲೋ ಇದ್ರ ಫೋಟೊ ಛಲೋ ಬರ್ತದ.” ‘ಬರೆದು’ ಎಂಬ ಮಾತು ಕಿವಿಗೆ ಬಿದ್ದದ್ದೇ ನನಗೆ ಹತ್ತು ವರ್ಷ ಕಡಿಮೆಯಾಯಿತು. ಛಾಯಾಗ್ರಹಣ ಹೋಗಿ ಕರಡು ಬರೆಯುವ ಕಾಲ ಬಂದಿದೆ ಎಂದರೆ ಜಗತ್ತು ಕೊನೆಗೂ ನನ್ನ ಬಳಿಗೇ ಬಂತಲ್ಲ! “ನೀ ಏಳು, ಇದು ಅನುಭವ ಇದ್ದವರ ಕೆಲಸ” ಎಂದು ಅವಳನ್ನು ಎಬ್ಬಿಸಿ ಕಂಪ್ಯೂಟರಿನ ಮುಂದೆ ನಾನು ಕೂತೆ.

ಗುಂಪು ಫೋಟೊವನ್ನು ಪಲ್ಲವಿ ಮೊದಲೇ ಅದಕ್ಕೆ ಹಾಕಿಕೊಟ್ಟಿದ್ದಳು. ನನ್ನ ಮೊದಲ ಪ್ರಾಂಪ್ಟ್ ಹೀಗಿತ್ತು: ‘ವಿಷಯ: ಗುಂಪು ಛಾಯಾಚಿತ್ರದಲ್ಲಿ ಶ್ರೀ ಅಮರಗುಂಡಪ್ಪ ಇವರ ಸೇರ್ಪಡೆ ಕುರಿತು. ಸದರಿಯವರು ಅನಿವಾರ್ಯ ಕಾರಣಗಳಿಂದ ಗೈರುಹಾಜರಾಗಿದ್ದು, ಅವರನ್ನು ಪೂರ್ವಾನ್ವಯವಾಗಿ ಹಾಜರಿದ್ದಂತೆ ಪರಿಗಣಿಸಿ ಅಗತ್ಯ ಕ್ರಮ ಜರುಗಿಸಲು ಕೋರಲಾಗಿದೆ. ಲಗತ್ತು: ಭಾವಚಿತ್ರ ಒಂದು.’ ಲಗತ್ತು ಎಂದು ಬರೆದು ಏನನ್ನೂ ಲಗತ್ತಿಸದೆ ಕಳಿಸುವುದು ನಮ್ಮ ಕಚೇರಿಯ ಹಳೆಯ ಸಂಪ್ರದಾಯ. ಹದಿನೈದು ದಿನ ಬಿಟ್ಟು ‘ಲಗತ್ತು ಕಂಡುಬಂದಿರುವುದಿಲ್ಲ’ ಎಂದು ಮರುಪತ್ರ ಬರುತ್ತದೆ. ಅಷ್ಟರಲ್ಲಿ ಎರಡೂ ಕಡೆಯವರಿಗೆ ಉಸಿರಾಡಲು ಪುರುಸೊತ್ತು ಸಿಗುತ್ತದೆ. ಈ ಯಂತ್ರಕ್ಕೆ ಅಂಥ ಸಂಸ್ಕಾರವೇ ಇಲ್ಲ. ಲಗತ್ತು ಎಲ್ಲಿ ಎಂದು ಒಂದು ಮಾತೂ ಕೇಳದೆ ತಾನೇ ಒಬ್ಬ ಅಮರಗುಂಡಪ್ಪನನ್ನು ತಯಾರಿಸಿ ಅರ್ಧ ನಿಮಿಷದಲ್ಲಿ ಕೈಗಿಟ್ಟಿತು. ಕೋಟು, ಟೈ, ಕನ್ನಡಕ. ಶಾಮಿಯಾನದ ನಟ್ಟನಡುವೆ ಒಂದು ಮೇಜು, ಅದರ ಮೇಲೆ ಫೈಲುಗಳ ರಾಶಿ, ಕನ್ನಡದಂತೆಯೇ ಕಾಣುವ ಆದರೆ ಯಾವ ಕನ್ನಡಿಗನಿಗೂ ಓದಲು ಬಾರದ ಅಕ್ಷರಗಳ ಒಂದು ನಾಮಫಲಕ. ಹಿಂದೆ ನಿಂತ ಬೀಗರೆಲ್ಲ ಅರ್ಜಿ ಕೊಡಲು ಬಂದವರ ಹಾಗೆ ಕಾಣುತ್ತಿದ್ದರು.

ಎರಡನೇ ಸಲ ಆತನ ನಿಜವಾದ ಫೋಟೊವನ್ನೇ ಲಗತ್ತಿಸಿ, ‘ಇವರು ವಧುವಿನ ಸೋದರಮಾವನವರಾಗಿದ್ದು, ಇವರಿಗೆ ಅತ್ಯಂತ ಗೌರವದ ಸ್ಥಾನ ಕಲ್ಪಿಸುವುದು’ ಎಂದು ಆದೇಶಿಸಿದೆ. ಕಲ್ಪಿಸಿತು. ಅಮರಗುಂಡಪ್ಪ ಕೊರಳಲ್ಲಿ ಮಾಲೆ ಹಾಕಿಕೊಂಡು ಪಲ್ಲವಿಯ ಪಕ್ಕದಲ್ಲೇ ನಿಂತಿದ್ದ. ಮದುಮಗ ಪಾಪ, ಡ್ರೈವರನ ಪಕ್ಕಕ್ಕೆ ಸರಿದಿದ್ದ. “ಅಪ್ಪಾ, ಇದು ದೇವದುರ್ಗ ಮುಟ್ಟಿದ್ರ ಮದಿವಿನ ಇರಂಗಿಲ್ಲ, ಮಾಮಾ ಬರೋ ಮಾತು ಎಲ್ಲಿ ಬಂತು?” ಎಂದು ಪಲ್ಲವಿ ಅದನ್ನು ಅಳಿಸಿದಳು. ಮೂರನೇ ಸಲ ‘ತಾಯಿಯ ಬದಿಗೆ, ನಗುಮುಖದಿಂದ’ ಎಂದು ಬರೆದೆ. ಈ ಸಲ ಸ್ಥಳ ಸರಿಯಿತ್ತು. ಮಹಾದೇವಿಯನ್ನು ಕರೆದು ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ನೋಡಿದಳು, ತೆಗೆದು ನೋಡಿದಳು.

“ಇಂವ ಯಾರ್ರೀ?”

“ನಿನ್ನ ತಮ್ಮ.”

“ನಮ್ಮ ತಮ್ಮನ್ನ ಹುಟ್ಟಿದಾಗಿಂದ ನೋಡೀನಿ, ಇಷ್ಟು ಹಲ್ಲು ಅವಗ ಅದಾವಂತ ನನಗಽ ಗೊತ್ತಿಲ್ಲ. ಮತ್ತ ಈ ಬಣ್ಣ ನೋಡ್ರಿ. ಮಾನ್ವಿ ಬಿಸಲಾಗ ಭತ್ತ ಒಣಗಿಸೋ ಮಂದಿಗೆ ಇಂಥ ಬಣ್ಣ ಬರಬೇಕಂದ್ರ ಫ್ರಿಜ್ಜಿನಾಗ ಹುಟ್ಟಿರಬೇಕು.”

ಕೊನೆಗೆ ಪಲ್ಲವಿ ನನಗೆ ಪಾಠ ಹೇಳಬೇಕಾಯಿತು. “ಅಪ್ಪಾ, ಇದು ನಿಮ್ಮ ಸಾಹೇಬ್ರಲ್ಲ, ಓದಲಾರದ ಸಹಿ ಮಾಡಾಕ. ನೀ ಬರದಷ್ಟೂ ಓದತದ, ಬರದಂಗ ಮಾಡತದ. ಯಾರನ್ನ ಎಲ್ಲಿ ನಿಲ್ಲಸಬೇಕು, ಏನು ಬದಲ ಆಗಬೇಕು, ಏನು ಮುಟ್ಟಬಾರದು, ಅಷ್ಟ ಬರಿ. ಗೌರವ-ಗಿರವ ಅಂತ ಬರದ್ರ ಅದಕ್ಕ ಏನು ತಿಳೀತದ?” ಬರೆದಂತೆ ಮಾಡುತ್ತದೆ ಎಂಬ ಮಾತು ನನ್ನನ್ನು ಸ್ವಲ್ಪ ಕಂಗೆಡಿಸಿತು. ಮೂವತ್ತು ವರ್ಷದಲ್ಲಿ ನಾನು ಬರೆದದ್ದನ್ನು ಯಾರೂ ಹಾಗೆ ಮಾಡಿದ ಉದಾಹರಣೆ ಇರಲಿಲ್ಲ. ಆದರೂ ಸ್ವಾಭಿಮಾನವನ್ನು ಬದಿಗಿಟ್ಟು ಜೀವನದಲ್ಲಿ ಮೊದಲ ಬಾರಿಗೆ ಸಣ್ಣ ವಾಕ್ಯಗಳನ್ನು ಬರೆದೆ: ‘ಕೆಂಪು ಸೀರೆ ಉಟ್ಟ ತಾಯಿಯ ಎಡಕ್ಕೆ ಈ ವ್ಯಕ್ತಿಯನ್ನು ನಿಲ್ಲಿಸು. ಮುಖ, ಬಣ್ಣ, ಮೀಸೆ ಬದಲಿಸಬೇಡ. ನಗಿಸಬೇಡ. ಉಳಿದವರ ಮುಖ ತಿದ್ದಬೇಡ. ನೆರಳು, ಬೆಳಕು ಮೂಲದಂತೆಯೇ ಇರಲಿ.’ ಇಷ್ಟಕ್ಕೆ ನಿಲ್ಲಿಸಿದ್ದರೆ ಸಾಕಿತ್ತು. ಆದರೆ ಕರಡು ಬರೆದ ಕೈ, ಕೊನೆಗೊಂದು ಷರತ್ತು ಇಲ್ಲದೆ ನಿಲ್ಲುವುದಿಲ್ಲ. ಮೂಲೆಯ ಆ ನಾಯಿಯನ್ನು ಮನಸ್ಸಿನಲ್ಲಿಟ್ಟುಕೊಂಡು, ‘ಸ್ಥಳ ಸಾಲದಿದ್ದಲ್ಲಿ ಅನವಶ್ಯಕವಾದುದನ್ನು ತೆಗೆದುಹಾಕುವುದು’ ಎಂದು ಸೇರಿಸಿದೆ.

ಬಂತು ನೋಡಿ ಫೋಟೊ! ಅದೇ ಗಂಟುಮುಖ, ಅದೇ ಮೀಸೆ, ಅಕ್ಕನ ಪಕ್ಕದಲ್ಲಿ ಹುಟ್ಟಿದಾಗಿನಿಂದ ನಿಂತವನ ಹಾಗೆ ಅಮರಗುಂಡಪ್ಪ. ಮಹಾದೇವಿ ಕಣ್ಣೊರೆಸಿಕೊಂಡಳು. ಅಂದೇ ಸಂಜೆ ಅದನ್ನು ದೊಡ್ಡದು ಮಾಡಿಸಿ ಎರಡು ಫ್ರೇಮು ಹಾಕಿಸಿದೆವು, ಒಂದು ನಮ್ಮ ಪಡಸಾಲೆಗೆ, ಒಂದು ಮಾನ್ವಿಗೆ. ಬಂಧು ಬಳಗದ ಎಲ್ಲ ಗ್ರೂಪುಗಳಿಗೂ ಕಳಿಸಿದೆವು; ಅಮರಗುಂಡಪ್ಪ ಸಿಟ್ಟಿನಲ್ಲಿ ಅವುಗಳಿಂದ ಎಂದೋ ಹೊರಬಿದ್ದಿದ್ದ. ‘ಸೂಪರ್’, ‘ದೃಷ್ಟಿ ತಾಗದಿರಲಿ’ ಎಂದೆಲ್ಲ ಉತ್ತರಗಳು ಬಂದವು. ದೇವದುರ್ಗದ ಬೀಗರಂತೂ ‘ಈಗ ಫೋಟೊ ಪೂರ್ತಿ ಆಯಿತು’ ಎಂದು ಎರಡು ಕೈ ಮುಗಿದ ಚಿತ್ರ ಹಾಕಿದ್ದರು. ವಾರವಿಡೀ ನಾನು ಪಡಸಾಲೆಯಲ್ಲಿ ಕೂತು ಬಂದವರಿಗೆಲ್ಲ ಪ್ರಾಂಪ್ಟ್ ಬರೆಯುವ ಕಲೆಯ ಬಗ್ಗೆ ಉಪನ್ಯಾಸ ಕೊಟ್ಟೆ.

ಮುಂದಿನ ರವಿವಾರ ಮೂವರೂ ಮಾನ್ವಿಗೆ ಹೊರಟೆವು. ಬಸ್ಸು ಇಳಿಯುವವರೆಗೂ ಫ್ರೇಮನ್ನು ತೊಡೆಯ ಮೇಲೆ ಕೂಸಿನ ಹಾಗೆ ಹಿಡಿದುಕೊಂಡಿದ್ದೆ. ಅಮರಗುಂಡಪ್ಪ ಗಿರಣಿಯಿಂದ ತೌಡಿನ ಧೂಳು ಕೊಡವಿಕೊಳ್ಳುತ್ತ ಬಂದು ಕೂತ. ಫ್ರೇಮು ಕೊಟ್ಟೆ. ನೋಡಿದ. ಬಹಳ ಹೊತ್ತು ನೋಡಿದ. ಎರಡು ವಾರದಿಂದ ಮೊಬೈಲಿನಲ್ಲಿ ದಿನಕ್ಕೆ ಹತ್ತು ಸಲ ತಾನಿಲ್ಲದ ಆ ಹಳೆಯ ಫೋಟೊ ತೆಗೆದು ನೋಡಿ ಸಿಟ್ಟನ್ನು ಕಾಯ್ದುಕೊಂಡು ಬಂದವನು, ಅದರ ಒಂದೊಂದು ಮುಖವೂ ಆತನಿಗೆ ಬಾಯಿಪಾಠ.

“ನಾ ಬಂದೀನಿ ಖರೇ,” ಎಂದ. “ನೀವೆಲ್ರಿ ಮಾಮಾರ?”

“ಅಲ್ಲೇ, ನಿಮ್ಮ ಅಕ್ಕನ ಬಾಜೂಕ…” ಎಂದು ಬೆರಳಿಟ್ಟೆ. ಬೆರಳು ಅಮರಗುಂಡಪ್ಪನ ಎದೆಯ ಮೇಲಿತ್ತು. ಮಹಾದೇವಿಯ ಎಡಕ್ಕೆ ನಿಂತಿದ್ದವನು ನಾನೇ. ಯಂತ್ರ ಜಾಗ ಸಾಲದೆ, ಎಲ್ಲರನ್ನೂ ತೂಗಿ ನೋಡಿ, ಅನವಶ್ಯಕವಾದುದನ್ನು ತೆಗೆದಿತ್ತು. ನಾಯಿ ಇತ್ತು.

ಪಲ್ಲವಿ ಬಾಯಿಗೆ ಸೆರಗು ಹಿಡಿದುಕೊಂಡು ಒಳಗೆ ಓಡಿದಳು. ಮಹಾದೇವಿ ಫ್ರೇಮನ್ನು ಹತ್ತಿರ ಹಿಡಿದು, “ಅಯ್ಯ, ಹೌದಲ್ಲ! ಎಂಟು ದಿನದಿಂದ ಮನ್ಯಾಗ ತೂಗಹಾಕೀವಿ… ಇರ್ಲಿ ಬಿಡ್ರಿ, ನಿಮ್ಮನ್ನ ದಿನಾ ನೋಡತೀವಲ್ಲ” ಎಂದಳು. ನಾನೂ ನಗಲು ಹೋದೆ, ಆಗಲಿಲ್ಲ. ಇಡೀ ಬಳಗ ನೋಡಿದೆ, ಬೀಗರು ನೋಡಿದ್ದಾರೆ, ಹೆಂಡತಿ ದಿನಾ ಅದರ ಧೂಳು ಒರೆಸಿದ್ದಾಳೆ. ಅಷ್ಟೇಕೆ, ಎದುರಿಗೇ ಕೂತು ಉಪನ್ಯಾಸ ಬಿಗಿದ ನನಗೇ ನಾನಿಲ್ಲದ್ದು ಕಾಣಲಿಲ್ಲ. ಆವತ್ತು ತುಪ್ಪದ ಡಬ್ಬಿ ಹಿಡಿದು ಶಾಮಿಯಾನಕ್ಕೆ ಬಂದವನ ಮುಖ ಹೇಗಾಗಿತ್ತೋ, ನಾನು ನೋಡಿಯೇ ಇರಲಿಲ್ಲ.

“ತಪ್ಪಾತಪ್ಪಾ ಅಮರಗುಂಡಪ್ಪ,” ಎಂದೆ. “ನಿನ್ನ ಕಳಿಸಿ ನಾನ ಮರತೆ. ತಪ್ಪು ನಂದಽ.”

ಆತ ಫ್ರೇಮನ್ನು ಗೋಡೆಗೆ ಆನಿಸಿಟ್ಟ. “ಈ ಒಂದು ಮಾತು ಹೇಳಾಕ ನಿಮಗ ಕಂಪ್ಯೂಟರ್ ಬೇಕಾತೇನ್ರಿ ಮಾಮಾರ? ಮದಿವಿಗೆ ಬರ್ತೀನಿ. ನಾ ಬರಲಿಲ್ಲಂದ್ರ ನಿಮ್ಮನ್ನ ಅಲ್ಲಿ ಯಾರು ಹುಡುಕ್ಯಾರು?” ಎಂದು ಎದ್ದು ಊಟಕ್ಕೆ ಎಲೆ ಹಾಕಲು ಹೇಳಿದ.

ಊಟದ ನಂತರ ಆತ ನನ್ನನ್ನು ಗಿರಣಿಯ ಅಂಗಳಕ್ಕೆ ಕರೆದೊಯ್ದು, ಸಿಟ್ಟಾಗುವ ವಿದ್ಯೆಯಲ್ಲಿ ಪಳಗಿದವನ ಅಧಿಕಾರದಿಂದ ಹೇಳಿದ: “ಇದನ್ನ ಹಂಗ ಬಿಡಬ್ಯಾಡ್ರಿ, ಸಿಟ್ಟಾಗ್ರಿ. ಆದ್ರ ಒಂದ ಮನ್ಯಾಗ ಇದ್ದು ಸಿಟ್ಟಾದ್ರ ಯಾರಿಗೂ ತಿಳಿಯಂಗಿಲ್ಲ. ಎರಡು ದಿನ ಇಲ್ಲೇ ನಿಂದರ್ರಿ. ಫೋನು ತಾನ ಬರ್ತದ.” ಸಲಹೆ ನನಗೂ ಹಿಡಿಸಿತು. “ನನಗ ಇಲ್ಲಿ ಒಂದೀಟು ಕೆಲಸ ಅದ” ಎಂದು ತಾಯಿ ಮಗಳನ್ನು ಬಸ್ಸು ಹತ್ತಿಸಿದೆ. ಏನು ಕೆಲಸ ಎಂದು ಇಬ್ಬರೂ ಕೇಳಲಿಲ್ಲ. ಆ ದಿನ ಫೋನು ಬರಲಿಲ್ಲ. ಮರುದಿನವೂ ಬರಲಿಲ್ಲ. ಮೊಬೈಲು ಕೆಟ್ಟಿರಬಹುದೆಂದು ಅಮರಗುಂಡಪ್ಪನ ಫೋನಿನಿಂದ ನಾನೇ ನನಗೆ ಕರೆ ಮಾಡಿ ನೋಡಿದೆ. ಚೆನ್ನಾಗಿಯೇ ಇತ್ತು. ಮೂರನೇ ದಿನ ಮಧ್ಯಾಹ್ನ ಅದು ಗಣಗಣಿಸಿತು, ಮಹಾದೇವಿ!

“ಬಂತು ನೋಡ್ರಿ!” ಎಂದು ಅಮರಗುಂಡಪ್ಪ ಓಡಿ ಬಂದ. “ಜಲ್ದಿ ಎತ್ತಬ್ಯಾಡ್ರಿ, ನಾಕು ರಿಂಗ್ ಆಗ್ಲಿ.”

ನಾಲ್ಕು ಆದ ಮೇಲೆ ಎತ್ತಿ, ನೊಂದವರ ದನಿಯಲ್ಲಿ “ಹೇಳು” ಎಂದೆ.

“ರೀ, ಗ್ಯಾಸ್ ಸಿಲಿಂಡರ್ ಬಂದದ. ನಿಮ್ಮ ಫೋನಿಗೆ ಒಟಿಪಿ ಬಂದದಂತ, ಜಲ್ದಿ ಹೇಳ್ರಿ. ಪಾಪ, ಬಿಸಲಾಗ ನಿಂತಾನ ಅಂವ.”

ನಾಲ್ಕು ಅಂಕಿಗಳನ್ನು ಓದಿ ಹೇಳಿದೆ. ಸರಿಯಾಗಿ ಕೇಳಿಸಲಿಲ್ಲ ಎಂದಳು. ಬಿಡಿಬಿಡಿಸಿ ಮತ್ತೊಮ್ಮೆ ಹೇಳಿದೆ. ಫೋನು ಇಟ್ಟಳು.

“ಏನಂದ್ಳು ಅಕ್ಕ?” ಎಂದು ಅಮರಗುಂಡಪ್ಪ ಕಣ್ಣರಳಿಸಿ ಕೇಳಿದ.

“ನಾ ಇಲ್ಲಂದ್ರ ಮನ್ಯಾಗ ಒಲಿನಽ ಹತ್ತಂಗಿಲ್ಲಂತ” ಎಂದು ಹೇಳಿ, ಊರಿಗೆ ಹೊರಡಲು ಚಪ್ಪಲಿ ಹುಡುಕತೊಡಗಿದೆ.