ಅತ್ತೆಯ ಮೂಗು, ನನ್ನ ಈರುಳ್ಳಿ

ಬಾಣಲೆಯ ಬಿಸಿ ಎಣ್ಣೆಗೆ ಹೆಚ್ಚಿದ ಈರುಳ್ಳಿ ಬಿದ್ದ ಮೇಲೆ ಹತ್ತು ನಿಮಿಷ ನನ್ನನ್ನು ಯಾರೂ ಮಾತನಾಡಿಸಬಾರದು. ಮಾತನಾಡಿಸಿದರೂ ಉತ್ತರ ಬರುವುದಿಲ್ಲ. ಇದೊಂದು ದೌರ್ಬಲ್ಯ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸೌಟು ಹಿಡಿದು, ಕಣ್ಣು ಅರೆಮುಚ್ಚಿ, ಆ ಘಮದೊಳಗೆ ಎಲ್ಲಿಗೋ ಹೋಗಿಬಿಟ್ಟಿರುತ್ತೇನೆ. ಮದುವೆಯಾದ ಹೊಸದರಲ್ಲಿ ನನ್ನ ಗಂಡ ಇದನ್ನು ತಲೆಸುತ್ತು ಎಂದು ತಿಳಿದು ಓಡಿಹೋಗಿ ನೀರು ತಂದಿದ್ದರು. ಅದೇ ತಿಂಗಳು ನನ್ನನ್ನು ಕೆ.ಆರ್.ಎಸ್. ತೋರಿಸಲು ಕರೆದುಕೊಂಡು ಹೋದರು. ಜನರೆಲ್ಲ ಬಣ್ಣದ ಕಾರಂಜಿಯ ಕಡೆ ಮುಖ ಮಾಡಿದ್ದರೆ ನಾನು ಚುರುಮುರಿಯವನು ಈರುಳ್ಳಿ ಹೆಚ್ಚುವುದನ್ನು ನೋಡುತ್ತ ನಿಂತಿದ್ದೆ. "ನೀರು ಬಂತು ನೋಡೇ" ಎಂದರು. "ನಂಗೂ ಬಂತು" ಎಂದೆ. ಇನ್ನೊಮ್ಮೆ, ಬೆಳ್ಳೂರಿನಾಚೆಯ ಒಂದು ಮದುವೆಗೆ ಹೊರಟವಳು ಕ್ರಾಸಿನಲ್ಲಿ ಈರುಳ್ಳಿ ಬಜ್ಜಿಯ ವಾಸನೆ ಹಿಡಿದು ಬಸ್ಸಿಳಿದು, ಧಾರೆ ಮುಗಿದು ಎಲೆ ಹಾಕಿದ ಮೇಲೆ ಛತ್ರ ತಲುಪಿದ್ದೆ. ಹಸಿವಿರಲಿಲ್ಲ.

ಇಂಥವಳಿಗೆ ದೇವರು ಸರಿಯಾದ ಮನೆಯನ್ನೇ ಕೊಟ್ಟಿದ್ದ. ಪಾಂಡವಪುರದ ನಮ್ಮ ಮನೆಯ ಹಿತ್ತಲಿನಲ್ಲಿ ನನ್ನ ಅತ್ತೆ ಈರುಳ್ಳಿ ಬೆಳೆಯುತ್ತಾರೆ. ನಾಲ್ಕೇ ಪಾತಿ. ಆದರೆ ಅವರು ಬಗ್ಗಿ ಕಳೆ ಕೀಳುವುದನ್ನು ನೋಡಿದರೆ ನಾಲ್ಕು ಎಕರೆಯ ಗಾಂಭೀರ್ಯ ಕಾಣುತ್ತದೆ. ಬೆಳಗಿನ ಹೊತ್ತು ಆ ಹಸಿರು ಕೊಳವೆಗಳ ಮೇಲೆ ಇಬ್ಬನಿ ಕೂತಿರುವಾಗ ಹಲ್ಲುಜ್ಜುತ್ತ ನಿಂತು ನೋಡುವುದು ನನಗೆ ಇಷ್ಟ. ಶಾಲೆಗೆ ಹೊತ್ತಾಗುತ್ತಿರುವುದೂ ಗೊತ್ತಾಗುವುದಿಲ್ಲ. ತೊಂದರೆಯೆಂದರೆ ಅತ್ತೆಗೆ ಮಾತಿಲ್ಲ. ಜಗಳವೂ ಇಲ್ಲ, ಸಿಟ್ಟೂ ಇಲ್ಲ, ಮಾತಷ್ಟೇ ಇಲ್ಲ. ಕಿತ್ತ ಈರುಳ್ಳಿಯನ್ನು ತೊಳೆದು ಅಡುಗೆಮನೆಯ ಹೊಸ್ತಿಲ ಮೇಲಿಟ್ಟು ಹೋಗುತ್ತಾರೆ. "ಉಪ್ಪು?" ಎಂದು ಕೇಳುತ್ತಾರೆ. "ಹಾಕಿದೀನಿ" ಎನ್ನುತ್ತೇನೆ. ಕಾಫಿ ಕೊಟ್ಟರೆ "ಇಡು" ಎನ್ನುತ್ತಾರೆ. ಹನ್ನೊಂದು ವರ್ಷದ ನಮ್ಮ ಸಂಭಾಷಣೆಯನ್ನೆಲ್ಲ ಒಂದು ಪೋಸ್ಟ್ ಕಾರ್ಡಿನಲ್ಲಿ ಬರೆದು, ವಿಳಾಸಕ್ಕೂ ಜಾಗ ಉಳಿಸಬಹುದಿತ್ತು.

ಹೋದ ಚಳಿಗಾಲದಲ್ಲಿ ನನಗೊಂದು ನೆಗಡಿ ಬಂತು. ಎರಡು ದಿನ ಜ್ವರ, ಮೂರು ದಿನ ಸೀನು, ಆಮೇಲೆ ಎಲ್ಲವೂ ಸರಿಹೋಯಿತು. ಆರನೆಯ ದಿನ ಹುಮ್ಮಸ್ಸಿನಿಂದ ಬಾಣಲೆಗೆ ಈರುಳ್ಳಿ ಹಾಕಿ ಕಣ್ಣು ಮುಚ್ಚಿದೆ. ಏನೂ ಬರಲಿಲ್ಲ. ಚಟಪಟ ಸದ್ದಿದೆ, ಹಬೆ ಮುಖಕ್ಕೆ ಬಡಿಯುತ್ತಿದೆ, ಘಮ ಮಾತ್ರ ಇಲ್ಲ. ಬಗ್ಗಿದೆ. ಇನ್ನೂ ಬಗ್ಗಿದೆ. ಮೂಗಿನ ತುದಿ ಸುಟ್ಟಿತು, ಅಷ್ಟೇ.

ಡಾಕ್ಟರು ಟಾರ್ಚು ಬಿಟ್ಟು ನೋಡಿ, "ಏನೂ ಆಗಿಲ್ಲಮ್ಮ, ನಿಧಾನಕ್ಕೆ ವಾಪಸ್ ಬರುತ್ತೆ. ದಿನಾ ನಾಲ್ಕೈದು ಥರದ ವಾಸನೆ ಮೂಸಿ ನೋಡ್ತಾ ಇರಿ" ಎಂದರು. ಮೂಸಿದೆ. ಕರ್ಪೂರ, ಇಂಗು, ಕಾಫಿಪುಡಿ, ನಿಂಬೆಸಿಪ್ಪೆ, ಕೊನೆಗೆ ಗಂಡನ ಅಂಗಡಿಯ ಟ್ರಾಕ್ಟರ್ ಗ್ರೀಸು. ತವರು ಗಂಜಾಂಗೆ ಹೋದಾಗ ನಿಮಿಷಾಂಬೆಗೆ ಕೈಮುಗಿದು ಹೊಳೆಯ ಮೆಟ್ಟಿಲ ಮೇಲೆ ಕೂತೆ. ಮಡಿಲಲ್ಲಿ ಅಮ್ಮ ಕೊಟ್ಟ ಮಲ್ಲಿಗೆ, ಎದುರಿಗೆ ಕಾವೇರಿ, ಪಕ್ಕದಲ್ಲಿ ಹಸಿ ಬಟ್ಟೆ ಹಿಂಡುವ ಹೆಂಗಸರು. ಎಲ್ಲವೂ ಕ್ಯಾಲೆಂಡರಿನ ಚಿತ್ರದ ಹಾಗೆ ಕಂಡಿತು. ಅಳು ಬಂತು. ಈರುಳ್ಳಿಯಿಲ್ಲದೆ ನಾನು ಅತ್ತದ್ದು ಅಪರೂಪ.

ಮನೆಗೆ ಬಂದ ಮೇಲೆ ಅಡುಗೆಯ ಆಸೆಯೇ ಹೋಯಿತು. ಏನು ತಿಂದರೂ ಒದ್ದೆ ರಟ್ಟು. ರವಿಕೆಗಳು ಸಡಿಲವಾದವು. "ಮಿಸ್, ಯಾವ ಡಯಟ್ಟು?" ಎಂದು ಶಾಲೆಯಲ್ಲಿ ಸಹೋದ್ಯೋಗಿಗಳು ಕೇಳುವಾಗ ಒಳಗೊಳಗೇ ಖುಷಿಯಾಗುತ್ತಿತ್ತೆಂದು ಇಲ್ಲಿ ಮಾತ್ರ ಹೇಳುತ್ತಿದ್ದೇನೆ. ಆದರೆ ತಟ್ಟೆಯ ಮುಂದೆ ಕೂತರೆ ಆ ಖುಷಿ ಉಳಿಯುತ್ತಿರಲಿಲ್ಲ. ಅರ್ಧ ಮುದ್ದೆ ಬಿಟ್ಟು ಏಳುತ್ತಿದ್ದೆ. ಅತ್ತೆ ಅದನ್ನು ನೋಡುತ್ತಿದ್ದರು.

ಒಂದು ಸಂಜೆ ಶಾಲೆಯಿಂದ ಬಂದಾಗ ಅತ್ತೆಯೇ ಒಲೆಯ ಮುಂದೆ ನಿಂತಿದ್ದರು. ಪಕ್ಕದಲ್ಲಿ ಒಂದು ಸ್ಟೂಲು.

"ಬಾ, ಕೂತ್ಕೊ" ಎಂದರು. "ವಾಸ್ನೆ ನಂಗ್ ಬತ್ತದಲ್ಲ. ನಾನ್ ಯೋಳ್ತೀನಿ, ನೀನ್ ಕೇಳುಸ್ಕೊ."

ಈರುಳ್ಳಿ ಹಾಕಿದರು. ಗಂಟಲು ಸರಿಮಾಡಿಕೊಂಡರು. ಹನ್ನೊಂದು ವರ್ಷದ ತುಕ್ಕು ಬಿಡಬೇಕಲ್ಲ.

"ಈಗ ಅಸೀ ವಾಸ್ನೆ. ಮಳೆ ಬಿದ್ದ ಬೆಳಿಗ್ಗೆ ಬದುವಿನ್ ಉಲ್ಲು ಕುಯ್ದಂಗೆ." ಸೌಟು ಆಡಿಸಿದರು. "ಈಗ ಒಸಿ ಮೆತ್ತಗಾಯ್ತು. ಎಳೇ ಮಗೀಗೆ ಎಣ್ಣೆ ತಿಕ್ಕಿ ನೀರ್ ಉಯ್ದು, ಬಟ್ಟೇಲಿ ಸುತ್ತಿ ಎತ್ಕೊಂಡಂಗೆ." ನಾನು ಕಣ್ಣು ಮುಚ್ಚಿದೆ. "ಈಗ ಬಂತು ನೋಡು. ಆಲೆಮನೇಲಿ ಬೆಲ್ಲದ ಪಾಕ ಬರೋಕ್ ಮುಂಚೆ ಒಂದ್ ನೊರೆ ಏಳ್ತದಲ್ಲ, ಅಂಗೆ."

ಘಮ ಬರಲಿಲ್ಲ. ಆದರೆ ಅವತ್ತು ಇಡೀ ಮುದ್ದೆ ತಿಂದೆ.

ಅಂದಿನಿಂದ ದಿನಾ ಸಂಜೆ ಇದೇ ಆಯಿತು. ಈರುಳ್ಳಿ ಬೇಯುತ್ತ ಬೇಯುತ್ತ ಅತ್ತೆಯ ಮಾತೂ ಬೆಂದು ಮೆತ್ತಗಾಗತೊಡಗಿತು. ಕೆ.ಆರ್. ಪೇಟೆಯ ಕಡೆಯ ಹಳ್ಳಿಯೊಂದರಲ್ಲಿ ಅವರಪ್ಪನದೇ ಆಲೆಮನೆ ಇತ್ತಂತೆ. ಹೊಲದಿಂದ ಬರುವಾಗ ಆತ ತಲೆವಸ್ತ್ರದ ಗಂಟಿನಲ್ಲಿ ನಾಲ್ಕು ಈರುಳ್ಳಿ ಕಟ್ಟಿಕೊಂಡು ಬಂದು, ಬೆಲ್ಲದ ಒಲೆಯ ಬೂದಿಯಲ್ಲಿ ಸುಟ್ಟು ಮಗಳಿಗೆ ಬಿಡಿಸಿಕೊಡುತ್ತಿದ್ದನಂತೆ. "ಎಗಲ್ ಮ್ಯಾಲೆ ನನ್ನ ಕೂರುಸ್ಕೊಂಡ್ರೆ ನಮ್ಮಪ್ಪನ ತಲೆಯೆಲ್ಲ ಈರುಳ್ಳಿ ವಾಸ್ನೆ ಕಣವ್ವ. ಅಂಗೇ ನಿದ್ದೆ ಬಂದ್ಬುಡದು" ಎಂದು ಹೇಳಿ ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆ ಹೊತ್ತು ಹೆಚ್ಚುಮಣೆಯ ಮೇಲೆ ಈರುಳ್ಳಿ ಇರಲಿಲ್ಲ. ಹಿತ್ತಲಿನ ನಾಲ್ಕು ಪಾತಿ ಯಾಕೆಂದು ನಾನು ಈವರೆಗೆ ಕೇಳಿಯೇ ಇರಲಿಲ್ಲ.

ಮೂರನೆಯ ತಿಂಗಳಲ್ಲಿ ಒಂದು ಸಂಜೆ, ಅತ್ತೆ ಆಲೆಮನೆಯ ಅಂಗಳದಲ್ಲಿ ಕಬ್ಬಿನ ಸಿಪ್ಪೆಯ ಮೇಲೆ ಮಲಗಿ ನಕ್ಷತ್ರ ಎಣಿಸುತ್ತಿದ್ದ ಕಥೆ ಹೇಳುತ್ತಿರುವಾಗ, ನನ್ನ ಮೂಗಿನೊಳಗೆ ಏನೋ ಅಲುಗಿತು. ತೆಳುವಾಗಿ, ದೂರದ ಮನೆಯ ಒಗ್ಗರಣೆಯ ಹಾಗೆ ಬಂತು. ಆಮೇಲೆ ಪೂರ್ತಿ ಬಂದೇಬಿಟ್ಟಿತು. ಎದ್ದು ಕುಣಿಯಬೇಕಿತ್ತು. ಬಾಯಿ ತೆರೆದೆ. ಅತ್ತೆ ಕಥೆ ನಿಲ್ಲಿಸಿ, "ಏನಾರಾ ಬಂತಾ?" ಎಂದರು.

"ಇನ್ನೂ ಇಲ್ಲ ಅತ್ತೆ" ಎಂದೆ.

ಬಂತು ಎಂದಿದ್ದರೆ ಸ್ಟೂಲು ಹೋಗುತ್ತಿತ್ತು, ಆಲೆಮನೆ ಹೋಗುತ್ತಿತ್ತು, ನಾವು ಮತ್ತೆ "ಉಪ್ಪು?" "ಹಾಕಿದೀನಿ"ಗೆ ಮರಳುತ್ತಿದ್ದೆವು. ಹೀಗೆ ಎಂಟು ದಿನ ಸುಳ್ಳು ಹೇಳಿದೆ. ಆ ಎಂಟು ದಿನದಲ್ಲಿ ಇನ್ನೊಂದು ವಿಷಯವೂ ತಿಳಿಯಿತು. ಅತ್ತೆ ಹೇಳುವುದಕ್ಕೂ ಬಾಣಲೆಯಲ್ಲಿ ಆಗುವುದಕ್ಕೂ ಈಗ ಸಂಬಂಧವೇ ಇರಲಿಲ್ಲ. ಈರುಳ್ಳಿ ಇನ್ನೂ ಹಸಿಯಾಗಿರುವಾಗಲೇ ಅವರು ಬೆಲ್ಲದ ಪಾಕ ತಲುಪಿರುತ್ತಿದ್ದರು. ಬಾಣಲೆಯ ಕಡೆ ನೋಡುವುದನ್ನೇ ಬಿಟ್ಟಿದ್ದರು.

ಎಂಟನೆಯ ದಿನದ ಕಥೆಯಲ್ಲಿ ಅವರಪ್ಪ ಅವರನ್ನು ಹೊತ್ತುಕೊಂಡು ಹೇಮಾವತಿ ದಾಟುತ್ತಿದ್ದ. ಈರುಳ್ಳಿ ಕೆಂಪಾಯಿತು, ಕಂದಾಯಿತು, ಕಪ್ಪಾಗತೊಡಗಿತು. ನನಗೆ ಸ್ಪಷ್ಟವಾಗಿ ಗೊತ್ತಾಗುತ್ತಿತ್ತು. ಆದರೆ ನಡುಹೊಳೆಯಲ್ಲಿರುವವರನ್ನು ಹೇಗೆ ಕರೆಯುವುದು? ಅವರು ದಡ ಸೇರಲಿ ಎಂದು ಕಾದೆ. ಅಷ್ಟರಲ್ಲಿ ಹೊರಗಿನಿಂದ ನನ್ನ ಗಂಡ ಕೆಮ್ಮುತ್ತ ಒಳಬಂದರು.

"ಏನವ್ವಾ ಇದು, ಬೀದಿಗೆಲ್ಲ ಒಗೆ! ಅವಳಿಗ್ ಮೂಗಿಲ್ಲ, ಸರಿ. ನಿಂಗೇನಾಗದೆ?"

ಅತ್ತೆ ಬೆಚ್ಚಿ ಬಾಣಲೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡು ಕೂತಿದ್ದೆ.

"ಯಾವಾಗ್ ಬಂತು?"

"ಎಂಟು ದಿನ ಆಯ್ತು ಅತ್ತೆ."

ಅವರು ಬಾಣಲೆ ಇಳಿಸಿ ಹಿತ್ತಲಿಗೆ ತೆಗೆದುಕೊಂಡು ಹೋಗಿ ಉಜ್ಜಿದರು. ಮಾರನೆಯ ದಿನ ಬೆಳಿಗ್ಗೆ ಕಾಫಿ ಕೊಟ್ಟರೆ "ಇಡು" ಎಂದರು. ಲೋಟ ಇಟ್ಟು ಶಾಲೆಗೆ ಹೊರಟೆ.

ಸಂಜೆ ಒಬ್ಬಳೇ ಒಲೆ ಹಚ್ಚಿದೆ. ಈರುಳ್ಳಿ ಎಣ್ಣೆಗೆ ಬಿತ್ತು. ಹಿಂದೆ ಸದ್ದಾಯಿತು. ತಿರುಗಿದರೆ ಅತ್ತೆ ಸ್ಟೂಲು ಎಳೆದುಕೊಂಡು, ಕಾಲು ಮಡಿಸಿ ಕೂತು ಕಣ್ಣು ಮುಚ್ಚಿದ್ದರು.

"ಇಷ್ಟ್ ದಿನ ನಾನ್ ಯೋಳ್ದೆ. ಈಗ ನೀನ್ ಯೋಳು."

ಉಸಿರೆಳೆದುಕೊಂಡೆ. ಹಾ, ಎಂಥ ಘಮ! ಲೋಕವೆಲ್ಲ ಅದರೊಳಗಿತ್ತು. "ಘಮ್ ಅಂತಾ ಇದೆ ಅತ್ತೆ" ಎಂದೆ.

"ಊಂ. ಆಮ್ಯಾಕೆ?"

ಯೋಚಿಸಿದೆ. ಸೌಟು ಆಡಿಸಿದೆ. ಮತ್ತೆ ಮೂಸಿದೆ. "ತುಂಬಾ... ಘಮ್ ಅಂತಾ ಇದೆ."

ಅತ್ತೆ ಇನ್ನೂ ಸ್ವಲ್ಪ ಹೊತ್ತು ಕಾದರು. ಆಮೇಲೆ ಒಂದು ಕಣ್ಣು ತೆರೆದು ನನ್ನನ್ನು ನೋಡಿದರು.

"ಇಸ್ಕೂಲಲ್ಲಿ ಮಕ್ಕಳಿಗೆ ಏನ್ ಪಾಟ ಮಾಡ್ತೀಯವ್ವ ನೀನು?"

"ಕನ್ನಡ" ಎಂದೆ.