ಕಬ್ಬಿನೊಳಗಿನ ಹಂದಿ ಸಂಸಾರ

ಪ್ರೇಮಕುಮಾರನ ನಾಲಿಗೆ ಸುಟ್ಟದ್ದೇ ಎಲ್ಲಕ್ಕೂ ಮೂಲ.

ಘಾಟಬೋರಾಳದ ಬಸ್‌ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಅವನು ಕುಳಿತಿದ್ದ. ಎದುರಿಗೆ ಪಕ್ಕದ ಹೊಲದ ಸಂಗಪ್ಪ, ಬೆಳ್ಳಂಬೆಳಿಗ್ಗೆಯೇ ತಕರಾರು ಹೊತ್ತು ಬಂದಿದ್ದ.

"ನಿನ್ನ ಕಬ್ಬಿನ್ಯಾಗ ಹಂದಿ ಸಂಸಾರ ಹೂಡ್ಯಾವ. ತಾಯಿ, ಮರಿ, ಒಂದ ಎಮ್ಮಿಯಂಥಾ ಗಂಡು. ಇರೋದು ನಿನ್ನ ಮನ್ಯಾಗ, ಉಣ್ಣೋದು ನನ್ನ ತೊಗರ್ಯಾಗ. ಏನ್ ಮಾಡ್ತಿ ಹೇಳು?"

ಪ್ರೇಮಕುಮಾರ ಅದೇ ಗಳಿಗೆಯಲ್ಲಿ ಚಹಾ ಗುಟುಕರಿಸಿದ. ಚಹಾ ಕೆಂಡದಂತಿತ್ತು.

"ಸುಟ್ಟ... ಸುಟ್ಟ ಬಿಟ್..." ಎಂದು ನಾಲಿಗೆ ಹೊರಚಾಚಿ ಒದ್ದಾಡಿದ.

"ಕೇಳಿದ್ರೇನ್ರೋ!" ಸಂಗಪ್ಪ ಎದ್ದು ನಿಂತ. "ಪ್ರೇಮಣ್ಣ ಹಂದಿ ಸುಟ್ಟ ಬಿಡ್ತಾನಂತ! ಬಂದೂಕಲೇ ಸುಡ್ತಾನಂತ!"

ಪ್ರೇಮಕುಮಾರನ ನಾಲಿಗೆ ಆರುವಷ್ಟರಲ್ಲಿ ಸುದ್ದಿ ಊರನ್ನು ಎರಡು ಸುತ್ತು ಹಾಕಿತ್ತು. ಅವನು ಮನೆ ಮುಟ್ಟಿದಾಗ ಹೆಂಡತಿ ವಿದ್ಯಾವತಿ ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲೇ ನಿಂತಿದ್ದಳು.

"ಏನ್ರಿ, ಗ್ವಾಡಿ ಮ್ಯಾಲ ಹಲ್ಲಿ ಕಂಡ್ರ ನೀವು ಜಳಕಕ್ಕ ಹೋಗಂಗಿಲ್ಲ. ಹಂದಿ ಹೊಡೀತೀರಂತ?"

"ನಾ ಅಂದಿಲ್ಲ, ಚಹಾ ಅನಸ್ತು," ಎಂದ ಪ್ರೇಮಕುಮಾರ. ಇದು ಯಾರಿಗೆ ತಿಳಿಯಬೇಕು?

ಅಷ್ಟರಲ್ಲಿ ಸಂಗಪ್ಪ ಹುಮನಾಬಾದಿಗೆ ಫೋನು ಮಾಡಿ ಶಿಕಾರಿ ನಾಗನಾಥನನ್ನೇ ಕರೆಸಿದ್ದ. ಹಂದಿ ಹೊಡೆಯಲು ಪರವಾನಗಿ ಇದ್ದ ಮನುಷ್ಯ. ತಲೆಗೆ ಟೊಪ್ಪಿಗೆ, ಮೂಗಿಗೆ ದಪ್ಪ ಚಸ್ಮಾ, ಬೆನ್ನಿಗೆ ಬಂದೂಕು. ಮೋಟಾರ್ ಸೈಕಲ್ಲಿನಿಂದ ಇಳಿದವನು ಮೊದಲು ಕೈ ಮುಗಿದದ್ದು ಪ್ರೇಮಕುಮಾರನ ಅಂಗಳದಲ್ಲಿ ಕಟ್ಟಿದ್ದ ಎಮ್ಮೆಗೆ. "ನಮಸ್ಕಾರ್ರಿ ಗೌಡ್ರ," ಎಂದ.

ಪ್ರೇಮಕುಮಾರ ಎಮ್ಮೆಯನ್ನು ಬಿಚ್ಚಿ ಹಿತ್ತಲಲ್ಲಿ ಕಟ್ಟಿ ಬಂದ.

ಹೊಲದ ಬದುವಿನ ಮೇಲೆ ಅರ್ಧ ಊರು ಸೇರಿತು. ನಾಗನಾಥ ಭಾಷಣಕ್ಕೆ ನಿಂತ. "ಹಂದಿಗೆ ಶಿಕಾರಿ ಒಂದ ಔಷಧ ನೋಡ್ರಿ. ಒಂದನ್ನ ಕೆಡವಿದ್ರ ಉಳದವು ಅಂಜಿ ತಾಲೂಕ ಬಿಟ್ಟ ಹೋಗ್ತಾವ."

"ತಾಲೂಕು ಎಲ್ಲಿಗೆ ಮುಗೀತದ ಅಂತ ಹಂದಿಗೆ ಹ್ಯಾಂಗ ತಿಳೀಬೇಕ್ರಿ?" ವಿದ್ಯಾವತಿ ಕೇಳಿದಳು.

ನಾಗನಾಥ ಕೆಮ್ಮಿದ. ಆಗ ಜಿಜಾಬಾಯಿ ಬಾಯಿ ಹಾಕಿದಳು. ಆಕೆ ಪ್ರೇಮಕುಮಾರನ ಸೋದರತ್ತೆ. ಕಬ್ಬಿನಾಚೆಯ ಜೋಳದ ಹೊಲ ಆಕೆಯದು. "ನನ್ನ ಮಗಳನ್ನ ಕೊಟ್ಟ ಊರಾಗ ಹ್ವಾದ ವರ್ಷ ನಾಕು ಹಂದಿ ಹೊಡದ್ರಪಾ. ಈ ವರ್ಷ ಅಲ್ಲಿ ಮೊದಲಿನಕ್ಕಿಂತ ದುಪ್ಪಟ್ಟ ಆಗ್ಯಾವ."

"ಹೊಡೀದಿದ್ರ ನಾಕು ಪಟ್ಟು ಆಗ್ತಿದ್ವು, ಯವ್ವಾ!" ಎಂದ ಸಂಗಪ್ಪ.

ಈ ಲೆಕ್ಕ ಊರಿಗೆಲ್ಲ ಒಪ್ಪಿಗೆಯಾಯಿತು. ಜಿಜಾಬಾಯಿ ಕೂಡ "ಅದೂ ಖರೇ ಅದ" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಸಜ್ಜಾದಳು.

ಜನ ಕಬ್ಬಿನ ಆ ತುದಿಯಿಂದ ಗದ್ದಲ ಮಾಡುತ್ತ ಹಂದಿ ಎಬ್ಬಿಸಬೇಕು, ಈ ತುದಿಯಲ್ಲಿ ನಾಗನಾಥ ಗುಂಡು ಹಾರಿಸಬೇಕು ಎಂದು ಠರಾವಾಯಿತು. ಪ್ರೇಮಕುಮಾರ ಮೆಲ್ಲಗೆ ಗದ್ದಲದವರ ಹಿಂದೆ ಸರಿಯುತ್ತಿದ್ದ. ಸಂಗಪ್ಪ ಅವನ ರಟ್ಟೆ ಹಿಡಿದ.

"ಹೊಲದ ಮಾಲಕ ಹಿಂದ ನಿಂತರ ಹ್ಯಾಂಗೋ? ಶಿಕಾರಿ ಸಾಹೇಬರ ಬಾಜೂ ನಿಂದ್ರು. ಹಂದಿ ಅಡ್ಡ ಬಂದ್ರ ಇದನ್ನ ಬಾರಸು." ಅವನ ಕೈಗೆ ಹಿಟ್ಟು ನಾದುವ ದೊಡ್ಡ ಪರಾತವೊಂದನ್ನು ಕೊಟ್ಟ.

ಗದ್ದಲ ಶುರುವಾಯಿತು. ಡಬ್ಬಿ, ತಾಟು, ಹಲಗೆ, ಟ್ರ್ಯಾಕ್ಟರಿನ ಹಾರ್ನು. ಜಿಜಾಬಾಯಿಯ ಬೊಬ್ಬೆ ಇವೆಲ್ಲವನ್ನೂ ಮೀರಿಸಿತ್ತು. ಮೊದಲು ಕಬ್ಬಿನಿಂದ ಒಂದು ಮೊಲ ಹಾರಿತು. ನಾಗನಾಥ ಬೆಚ್ಚಿ ಚಸ್ಮಾ ಕೆಡವಿಕೊಂಡ. ಅದನ್ನು ತಡಕಾಡುತ್ತಿರುವಾಗಲೇ ಕಬ್ಬಿನ ಗರಿ ಸರಸರ ಎಂದಿತು, ನೆಲ ಗುಡುಗುಡು ಎಂದಿತು, ತಾಯಿ ಹಂದಿ ಮರಿಗಳ ಸಾಲಿನೊಂದಿಗೆ ಹೊರನುಗ್ಗಿತು.

"ಹೊಡೀರಿ!" ಎಂದು ಊರೆಲ್ಲ ಕೂಗಿತು.

ನಾಗನಾಥ ಹೊಡೆದ. ಗುಂಡು ಬದುವಿನ ಮೇಲಿದ್ದ ಪ್ರೇಮಕುಮಾರನ ಹೊಸ ಪ್ಲಾಸ್ಟಿಕ್ ನೀರಿನ ಟಾಕಿಗೆ ಬಡಿಯಿತು. ನೀರು ಚಿಲುಮೆಯಾಗಿ ಚಿಮ್ಮಿ ಬದುವೆಲ್ಲ ರಾಡಿಯಾಯಿತು. ಆ ರಾಡಿಯಲ್ಲಿ ಪ್ರೇಮಕುಮಾರನ ಕಾಲು ಹೂತಿತು. ಆಗಲೇ ಹೊರಟಿತು ಆ ಎಮ್ಮೆಯಂಥ ಗಂಡು ಹಂದಿ, ಸೀದಾ ಅವನ ಕಡೆಗೆ.

ಓಡಬೇಕೆಂದರೆ ಕಾಲು ಬರಲಿಲ್ಲ. ಕೂಗಬೇಕೆಂದರೆ ಸುಟ್ಟ ನಾಲಿಗೆ ಹೊರಳಲಿಲ್ಲ. ಪ್ರೇಮಕುಮಾರ ಕಣ್ಣು ಮುಚ್ಚಿ, ಪರಾತವನ್ನು ಮುಖಕ್ಕೆ ಅಡ್ಡ ಹಿಡಿದು, ಮಾಣಿಕಪ್ರಭುವನ್ನು ನೆನೆದ.

ಢಣ್!

ಗುಡಿಯ ಗಂಟೆ ಕಿವಿಯೊಳಗೇ ಬಾರಿಸಿದಂತಾಯಿತು. ಪ್ರೇಮಕುಮಾರ ಅಂಗಾತ ಬಿದ್ದ. ಆ ಸದ್ದಿಗೆ ಹಂದಿಯೂ ದಿಕ್ಕು ತಪ್ಪಿ, ಗಿರಕಿ ಹೊಡೆದು, ಕುಯ್ಯೆನ್ನುತ್ತ ಕಂಬಿ ಕಿತ್ತಿತು.

ಕಬ್ಬಿನಿಂದ ಹೊರಬಂದ ಜನರಿಗೆ ಕಂಡದ್ದು ಇಷ್ಟೇ: ಮುಂದೆ ಓಡುತ್ತಿರುವ ಹಂದಿ, ಹಿಂದೆ ರಾಡಿಯಿಂದ ಏಳುತ್ತಿರುವ ಪ್ರೇಮಕುಮಾರ.

"ಬರೇ ಪರಾತಲೇ ಹೊಡದನೋ! ಗಂಡು ಮಗ!" ಜಿಜಾಬಾಯಿ ಸೋದರಳಿಯನ ಕೆನ್ನೆಗೆ ಕೈಯೊತ್ತಿ ಲಟಿಕೆ ಮುರಿದಳು.

ಅವನನ್ನು ಟ್ರ್ಯಾಕ್ಟರಿನ ಮೇಲೆ ಕೂರಿಸಿ, ಕೊರಳ ತುಂಬ ಹೂ ಹಾಕಿ, ಹಲಗೆ ಬಾರಿಸುತ್ತ ಊರಿಗೆ ತಂದರು. ಮೊದಮೊದಲು "ನಾ ಏನೂ ಮಾಡಿಲ್ರಪಾ" ಎನ್ನುತ್ತಿದ್ದ ಪ್ರೇಮಕುಮಾರ, ಊರ ಅಗಸಿ ಬಾಗಿಲು ಬರುವಷ್ಟರಲ್ಲಿ ಕೈ ಬೀಸತೊಡಗಿದ್ದ. ಚಹಾದಂಗಡಿಯ ಹತ್ತಿರ "ಅದರ ಕಣ್ಣಾಗ ಕಣ್ಣಿಟ್ಟ ನೋಡ್ದೆ" ಎಂದೂ ಹೇಳಿದ. ಅವನ ಬದುಕಿನಲ್ಲಿ ಯಾರೂ ಅವನಿಗೆ ಅಷ್ಟು ಹೂ ಹಾಕಿರಲಿಲ್ಲ, ಮದುವೆಯಲ್ಲೂ.

ಊಟದ ಹೊತ್ತಿಗೆ ಫೋನುಗಳು ಬಡಿದುಕೊಂಡವು. ಮರಿಗಳು ಸಂಗಪ್ಪನ ತೊಗರಿಯಲ್ಲಿದ್ದವು. ತಾಯಿ ಜಿಜಾಬಾಯಿಯ ಜೋಳದಲ್ಲಿತ್ತು. ಗಂಡು ಯಾರದೋ ಕಡಲೆಯಲ್ಲಿ ಉರುಳಾಡುತ್ತಿತ್ತು. ಒಂದು ಹೊಲದ ಕಾಟ ಊರ ಹೊಲಗಳಿಗೆಲ್ಲ ಹಂಚಿಹೋಗಿತ್ತು.

"ಶಿಕಾರಿಯೊಳಗ ಇದು ಮೊದಲನೇ ಹಂತ," ಎಂದು ನಾಗನಾಥ ವಿವರಿಸಿದ. ಎರಡನೆಯ ಹಂತ ಯಾವುದೆಂದು ಜನ ಕೇಳುವ ಮೊದಲೇ ಅವನ ಮೋಟಾರ್ ಸೈಕಲ್ಲು ಹುಮನಾಬಾದಿನ ದಾರಿ ಹಿಡಿದಿತ್ತು.

ಪ್ರೇಮಕುಮಾರನಿಗೆ ಮಾತ್ರ ಒಳಗೊಳಗೇ ಹಿಗ್ಗು. ಟಾಕಿ ಹೋದರೆ ಹೋಯಿತು, ಕಬ್ಬು ಉಳಿಯಿತಲ್ಲ! ಬೆನ್ನಿಗೆ ಎಣ್ಣೆ ತಿಕ್ಕಿಸಿಕೊಂಡು ಮಲಗಿದವನಿಗೆ ಸೊಗಸಾದ ನಿದ್ದೆ ಬಂತು.

ಎಚ್ಚರವಾದದ್ದು ಮತ್ತದೇ ಹಲಗೆಯ ಸದ್ದಿಗೆ. ಹೊತ್ತು ಇಳಿಯುತ್ತಿತ್ತು. ಸದ್ದು ಹೊಲದ ಕಡೆಯಿಂದ ಬರುತ್ತಿತ್ತು. ಬನಿಯನ್ನಿನ ಮೇಲೇ ಓಡಿದ.

ಊರಿಗೆ ಊರೇ ಸಾಲುಗಟ್ಟಿ ನಿಂತು, ತಾಟು ಬಡಿಯುತ್ತ, ಹಂದಿಗಳನ್ನು ಅವನ ಕಬ್ಬಿನೊಳಗೆ ಅಟ್ಟುತ್ತಿತ್ತು! ತಾಯಿ ಹೋಯಿತು, ಮರಿ ಹೋದವು, ಗಂಡು ಹೋಯಿತು. ಅವುಗಳ ಹಿಂದೆ ಇನ್ನೊಂದು ತಾಯಿ, ಇನ್ನೊಂದು ಸಾಲು ಮರಿಗಳೂ ಹೋದವು.

"ಏ ಸಂಗಪ್ಪಾ! ಇದೇನ್ ಮಾಡಾಕತ್ತೀರೋ!"

ಸಂಗಪ್ಪ ಬೆವರೊರೆಸಿಕೊಂಡು ಅಕ್ಕರೆಯಿಂದ ನಕ್ಕ. "ಹತ್ತ ಕಡಿ ಇದ್ರ ಊರಿಗೆಲ್ಲಾ ತ್ರಾಸ, ಒಂದ ಕಡಿ ಇದ್ರ ಕೈಯಾಗ ಇರ್ತಾವ ಅಂತ ಪಂಚರೆಲ್ಲಾ ಕೂಡಿ ಠರಾಯಿಸಿವಿ."

"ಅದಕ್ಕ ನನ್ನ ಕಬ್ಬೇ ಬೇಕಿತ್ತೇನು?"

"ಮತ್ತ? ಊರಾಗ ಅವು ಅಂಜೋದು ನಿನಗೊಬ್ಬನಿಗೇ!"

ಪ್ರೇಮಕುಮಾರ ಸಾಲಿನೊಳಗೆ ನುಗ್ಗಿ ತಡೆಯಹೋದ. ಸಂಗಪ್ಪ ಅವನ ಹೆಗಲ ಮೇಲೆ ಕೈ ಹಾಕಿದ.

"ನಿನ್ನ ಹೆಸರು ಎಲ್ಲೀ ತನಕ ಹೋಗ್ಯಾದ ಗೊತ್ತೇನು? ನಾಳೆ ಪಕ್ಕದೂರವರೂ ಬರ್ತೀವಿ ಅಂದಾರ."

"ಶಿಕಾರಿಗೇನೋ?"

"ಇಲ್ಲಪಾ," ಎಂದ ಸಂಗಪ್ಪ. "ತಮ್ಮ ಹಂದಿ ಬಿಟ್ಟ ಹೋಗಾಕ."