ಒಂದು ಮೆಟ್ಟಿಲು ಹೆಚ್ಚು ಮಾಡಿಸಿದ ಜೇಬು ಕ್ಯಾಲ್ಕುಲೇಟರಿಗೆ

ಮಾನ್ಯ ಜೇಬು ಕ್ಯಾಲ್ಕುಲೇಟರ್ ಮಹಾಶಯರೇ,

ನನ್ನ ಕೆಲಸದ ಮೇಜಿನ ಡ್ರಾಯರಿನಲ್ಲಿ, ಉಪ್ಪುಕಾಗದದ ಚೂರುಗಳ ನಡುವೆ ಹನ್ನೊಂದು ವರ್ಷ ತುಟಿಪಿಟಿಕ್ಕೆನ್ನದೆ ಮಲಗಿದ್ದ ತಮಗೆ, ತಮ್ಮನ್ನು ಅಲ್ಲಿಗೆ ತಳ್ಳಿದ ಈ ಬಡಗಿಯ ಸಾಷ್ಟಾಂಗ ನಮಸ್ಕಾರಗಳು. ನಾಲ್ಕು ಜನರೆದುರು ದೂರಿದವನು ನಾಲ್ಕು ಜನರೆದುರೇ ಬರೆಯಬೇಕೆಂದು ನನ್ನ ಹೆಂಡತಿಯ ಅಪ್ಪಣೆಯಾಗಿರುವುದರಿಂದ ಈ ಪತ್ರ ಬಹಿರಂಗವಾಗಿದೆ.

ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರ ಮನೆಗೆ ಮರದ ಮೆಟ್ಟಿಲು ಮಾಡಿದ್ದು ತಮಗೆ ನೆನಪಿರಬಹುದು. ಆಗ ನನ್ನ ಜೊತೆಗಿದ್ದ ಭಾವಮೈದುನ ಅಳೆದು, ಚಾವಣಿಯ ಎತ್ತರ ಇನ್ನೂರೆಪ್ಪತ್ತು ಸೆಂಟಿಮೀಟರು, ಚಾವಣಿಯ ದಪ್ಪ ಹದಿನೆಂಟು ಎಂದ. ಕೂಡಿಸಿದೆ, ತಾವು ಮುನ್ನೂರಾರು ಎಂದಿರಿ. ಹದಿನೆಂಟು ಸೆಂಟಿಮೀಟರಿಗೊಂದರಂತೆ ಹದಿನೇಳು ಮೆಟ್ಟಿಲು ಮಾಡಿ ಒಯ್ದು ನಿಲ್ಲಿಸಿದರೆ, ಕೊನೆಯದು ಮಹಡಿಯ ನೆಲಕ್ಕಿಂತ ಒಂದು ಮೆಟ್ಟಿಲಿನಷ್ಟು ಮೇಲೆ ನಿಂತಿತ್ತು. "ಹತ್ತೋಕೆ ಅಂತ ಹೇಳಿದ್ದೆ, ಇಳಿಯೋಕೂ ಸೇರಿಸಿಬಿಟ್ಟಿದ್ದೀರಲ್ಲ!" ಎಂದರು ಮನೆಯೊಡತಿ.

ಎಲ್ಲರೆದುರು ನಾನು ಭಾವಮೈದುನನ ಕಡೆ ತಿರುಗಿ, "ಇವನಿಗೆ ಟೇಪು ಹಿಡಿಯೋಕೂ ಬರಲ್ಲ" ಅಂದೆ. ಅವನು ಟೇಪನ್ನು ಸುತ್ತಿ ನನ್ನ ಕೈಗಿಟ್ಟು ಹೋದವನು, ಹಿಂದಿನ ಬೀದಿಯಲ್ಲಿ ತನ್ನದೇ ಮಳಿಗೆ ತೆರೆದ. ಮರುದಿನ ನಾನೇ ಅಳೆದು ನೋಡಿದಾಗ ಅವನ ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆಗ ಕ್ಷಮೆ ಕೇಳುವ ತೊಂದರೆ ಯಾಕೆಂದು, ಅಪವಾದವನ್ನು ಬಾಯಿಲ್ಲದ ತಮಗೆ ವರ್ಗಾಯಿಸಿದೆ.

ಕಳೆದ ವಾರ ಅದನ್ನು ಹೆಂಡತಿಗೆ ರುಜುವಾತು ಮಾಡಲೆಂದೇ ತಮ್ಮ ಬೆನ್ನಿನ ತಿರುಪುಗಳನ್ನು ಬಿಚ್ಚಿದೆ. ಏನು ಹೇಳಲಿ! ಒಂದೊಂದು ಕೆಂಪಂಕಿಗೂ ಅದನ್ನು ದೊಡ್ಡದಾಗಿ ತೋರಿಸುವ ಪುಟ್ಟ ಗಾಜಿನ ಗುಳ್ಳೆ. ಒಂದೊಂದು ಗುಂಡಿಯಡಿಗೂ ಒತ್ತಿದರೆ ಬಾಗಿ, ಬಿಟ್ಟರೆ ಟಕ್ಕನೆ ಎದ್ದು ನಿಲ್ಲುವ ತೆಳು ತಗಡಿನ ಬಿಲ್ಲೆ. ಸಾಲಾಗಿ ಮಿನುಗುವ ಬೆಸುಗೆಯ ಚುಕ್ಕಿಗಳು. ತುಕ್ಕಿನ ಸುಳಿವೇ ಇಲ್ಲ. ಯಾರೂ ನೋಡದ ಒಳಭಾಗವನ್ನೂ ಇಷ್ಟು ಅಚ್ಚುಕಟ್ಟಾಗಿ ಮಾಡಿದ ತಮ್ಮ ನಿರ್ಮಾಪಕರಿಗೆ ಕೈಮುಗಿಯುತ್ತೇನೆ. ನಾನು ಮಾಡಿದ ಬೀರುಗಳ ಹಿಂಬದಿಯನ್ನು ಮಾತ್ರ ಅವರು ನೋಡದಿರಲಿ.

ಮತ್ತೆ ಜೋಡಿಸಿ, ಹೊಸ ಬ್ಯಾಟರಿ ಹಾಕಿ, ಅದೇ ಲೆಕ್ಕ ಒತ್ತಿದೆ. ಮುನ್ನೂರಾರು! "ನೋಡಿದ್ಯಾ?" ಅಂದೆ. ಅಂಗಿಗೆ ಗುಂಡಿ ಹೊಲಿಯುತ್ತಿದ್ದ ಹೆಂಡತಿ ಸೂಜಿ ನಿಲ್ಲಿಸಿದಳು.

"ರೀ, ಕೊನೇಲಿ ಆ ಸಮ ಗುಂಡೀನ ಎರಡು ಸಲ ಯಾಕೆ ಒತ್ತಿದ್ರಿ?"

"ಖಾತ್ರಿಗೆ."

"ನಿಮ್ಮ ಖಾತ್ರಿಗೆ ಅದು ಹದಿನೆಂಟನ್ನ ಇನ್ನೊಂದ್ಸಲ ಕೂಡಿಸಿದೆ. ಮನೆ ಬೆಲ್ಲನ್ನೂ ನೀವು ಹಾಗೇ ಒತ್ತೋದು."

ಒಂದೇ ಸಲ ಒತ್ತಿದೆ. ಇನ್ನೂರೆಂಬತ್ತೆಂಟು. ಅಂದರೆ ಹದಿನಾರು ಮೆಟ್ಟಿಲು. ಒಮ್ಮೆ ಕೂಡಿಸಿದ್ದನ್ನು ಮತ್ತೆ ಮತ್ತೆ ಕೂಡಿಸುವುದು ತಮ್ಮಲ್ಲಿ ದೋಷವಲ್ಲ, ಸೌಕರ್ಯವಂತೆ.

ಹೀಗಿರುವಾಗ ನನ್ನದೊಂದು ನಮ್ರ ಕೋರಿಕೆ: ಒಂದೇ ಒಂದು ಸಲ, ನನ್ನ ಹೆಂಡತಿಯ ಎದುರು, ಎರಡೂ ಎರಡೂ ಐದು ಎಂದು ತೋರಿಸಲು ಸಾಧ್ಯವೇ? ಅದಾಗದಿದ್ದರೆ ತಮ್ಮ ಅಳಿಸುವ ಗುಂಡಿಯನ್ನು, ಮನುಷ್ಯ ಆಡಿಬಿಟ್ಟ ಮಾತಿಗೂ ಅನ್ವಯಿಸುವಂತೆ ತಿದ್ದಬಾರದೇ? ಬ್ಯಾಟರಿ ಎಷ್ಟು ಬೇಕಾದರೂ ತಂದುಕೊಡುತ್ತೇನೆ.

ತಮ್ಮಿಂದ ಉತ್ತರ ಬಾರದ್ದರಿಂದ ನಾನೇ ಹಿಂದಿನ ಬೀದಿಗೆ ಹೋದೆ. ಭಾವಮೈದುನ ಬಾಗಿಲಿನ ಚೌಕಟ್ಟಿಗೆ ಕೀಸುಳಿ ಹೊಡೆಯುತ್ತಿದ್ದ.

"ಅವತ್ತು ನಿನ್ನ ಅಳತೆ ಸರಿಯಾಗಿತ್ತು ಕಣೋ. ನಾನೇ ಎರಡು ಸಲ ಒತ್ತಿದ್ದೆ."

"ಗೊತ್ತು ಭಾವ. ಪಕ್ಕದಲ್ಲೇ ನಿಂತಿದ್ನಲ್ಲ."

"ಮತ್ತೆ ಹೇಳಬಾರದಿತ್ತಾ?"

"ಹೇಳಿದೆ. ಮಿಷಿನ್‌ಗಿಂತ ನಿಂಗೆ ಜಾಸ್ತಿ ಗೊತ್ತಾ ಅಂದ್ರಿ."

ಹಾಗೆ ಅಂದದ್ದು ನನಗೆ ನೆನಪಿಲ್ಲ. ಆದರೆ ಮಾತು ನನ್ನದೇ, ಗುರುತು ಸಿಕ್ಕಿತು. ಅವನು ಕೀಸುಳಿ ಕೆಳಗಿಟ್ಟು, ಚೌಕಟ್ಟಿನ ಒಂದು ತುದಿ ಎತ್ತಿ, "ಆ ಕಡೆ ಸ್ವಲ್ಪ ಹಿಡ್ಕೊಳ್ಳಿ, ಒಬ್ಬನಿಗೆ ಆಗ್ತಿಲ್ಲ" ಅಂದ. ಕತ್ತಲಾಗುವವರೆಗೂ ಹಿಡಿದುಕೊಂಡಿದ್ದೆ.

ತಮ್ಮ ಅಂಕಿಗಳಲ್ಲಿ ಅಚಲ ನಂಬಿಕೆಯುಳ್ಳ, ತನ್ನ ಬೆರಳಿನಲ್ಲಿ ಅದಿಲ್ಲದ,

ತಮ್ಮ ವಿಶ್ವಾಸಿ,
ಬಡಗಿ

ವಿ.ಸೂ.: ಈ ತಿಂಗಳಿನಿಂದ ಎರಡೂ ಮಳಿಗೆ ಒಂದಾಗಿವೆ. ತಮ್ಮ ಸಮ ಚಿಹ್ನೆಯ ಗುಂಡಿಯನ್ನು ಒತ್ತುವ ಅಧಿಕಾರ ಭಾವಮೈದುನನದು. ಉಳಿದ ಗುಂಡಿಗಳನ್ನು, ಮೇಲ್ವಿಚಾರಣೆಗೆ ಒಳಪಟ್ಟು, ನನಗೆ ಬಿಟ್ಟುಕೊಡಲಾಗಿದೆ.